ಮೇ ತಿಂಗಳ ಸಂಜೆ ನಾಲ್ಕು ಗಂಟೆಯ ಅಪಾಯ

ಕರ್ನಾಟಕದ ಕರಾವಳಿಯಲ್ಲಿ ವಿಪತ್ತು ನಿರ್ವಹಣೆಯೆಂದರೆ ಜೂನ್ ತಿಂಗಳ ಕೆಲಸ ಎಂಬ ಗ್ರಹಿಕೆ ಆಡಳಿತದಲ್ಲೂ ಜನರಲ್ಲೂ ಬೇರೂರಿದೆ. ಮುಂಗಾರಿಗೆ ಮೊದಲು ಸಭೆ ನಡೆಯುತ್ತದೆ, ಕಂಟ್ರೋಲ್ ರೂಂ ತೆರೆಯುತ್ತದೆ, ದೋಣಿ, ಹಗ್ಗ, ಮರ ಕತ್ತರಿಸುವ ಯಂತ್ರಗಳ ಲೆಕ್ಕ ತೆಗೆಯಲಾಗುತ್ತದೆ. ಹೆಸರಿರುವ ಚಂಡಮಾರುತ ಬಂದರಂತೂ ಎಲ್ಲರೂ ಚುರುಕಾಗುತ್ತಾರೆ; 2021ರ ಮೇ ತಿಂಗಳಲ್ಲಿ ತೌಕ್ತೆ ನಮ್ಮ ದಡವನ್ನು ಸವರಿಕೊಂಡು ಗುಜರಾತಿನತ್ತ ಸಾಗಿದಾಗ, ಮೂಲ್ಕಿ ಬಳಿ ಬಂಡೆಗಳ ನಡುವೆ ಸಿಲುಕಿದ, ಹಡಗುಗಳನ್ನು ಎಳೆಯುವ ಟಗ್‌ನ 9 ಮಂದಿಯನ್ನು ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆ ಸೇರಿ ಪಾರು ಮಾಡಿದ್ದನ್ನು ಇಲ್ಲಿನವರು ಮರೆತಿರಲಾರರು. ಆದರೆ ಮಾರ್ಚ್‌ನಿಂದ ಮೇ ಕೊನೆಯವರೆಗೆ ಹೆಚ್ಚುಕಡಿಮೆ ದಿನವೂ ಎದುರಾಗುವ ಸೆಕೆಗೂ ಸಿಡಿಲಿಗೂ ಈ ಚುರುಕುತನದ ಕಾಲುಭಾಗವಾದರೂ ಸಿಗುವುದಿಲ್ಲ ಎಂಬುದು ನನ್ನ ತಕರಾರು.

ಸೆಕೆಯ ವಿಚಾರದಲ್ಲಿ ತೊಂದರೆ ಅಳತೆಗೋಲಿನಲ್ಲೇ ಇದೆ. ಹವಾಮಾನ ಇಲಾಖೆಯ ಮಾನದಂಡದಂತೆ ಬಯಲುಸೀಮೆಯಲ್ಲಿ ಗರಿಷ್ಠ ಉಷ್ಣಾಂಶ 40 ಡಿಗ್ರಿ ಮುಟ್ಟಿದರೆ, ಕರಾವಳಿಯಲ್ಲಿ 37 ಡಿಗ್ರಿ ಮುಟ್ಟಿ ವಾಡಿಕೆಗಿಂತ 4.5 ಡಿಗ್ರಿಯಷ್ಟು ಹೆಚ್ಚಿದ್ದರೆ, ಬಿಸಿಗಾಳಿಯ ಮಾತು ಬರುತ್ತದೆ. ಕರಾವಳಿಗೆ ರಿಯಾಯಿತಿ ಕೊಟ್ಟಿರುವುದು ಸರಿಯೇ. ಆದರೆ ಇಲ್ಲಿನ ಸೆಕೆಗೆ 37 ಡಿಗ್ರಿಯ ಅಗತ್ಯವೇ ಇಲ್ಲ. ಶೇ. 70ರ ಆರ್ದ್ರತೆಯಿದ್ದರೆ 32 ಡಿಗ್ರಿಯ ಉಷ್ಣಾಂಶ ಮೈಗೆ ಸುಮಾರು 41 ಡಿಗ್ರಿಯಷ್ಟು ಬಾಧೆ ಕೊಡುತ್ತದೆ, ಏಕೆಂದರೆ ಬೆವರು ಸುರಿಯುತ್ತದೆಯೇ ಹೊರತು ಆರುವುದಿಲ್ಲ, ಆರದ ಬೆವರು ದೇಹವನ್ನು ತಂಪು ಮಾಡುವುದೂ ಇಲ್ಲ. ಹೆದ್ದಾರಿ ಕಾಮಗಾರಿಯಲ್ಲಿ ಡಾಂಬರಿನ ಪಕ್ಕ ನಿಂತವರಿಗೂ ಶೀಟಿನ ಮಾಡಿನ ಕೆಳಗೆ ಮಲಗುವ ಮುದುಕರಿಗೂ ಯಾವ ಬಣ್ಣದ ಎಚ್ಚರಿಕೆಯೂ ಇಲ್ಲದ ಸಾಮಾನ್ಯ ಏಪ್ರಿಲ್ ದಿನವೇ ಸಾಕಷ್ಟು ಅಪಾಯಕಾರಿ. ಉಪ್ಪು ಹಾಕಿದ ಮಜ್ಜಿಗೆ, ಗಂಜಿ ತಿಳಿ, ಪುನರ್ಪುಳಿ ಶರಬತ್ತು ಕುಡಿಯಿರಿ ಎಂಬ ಸಲಹೆ ಪ್ರತಿವರ್ಷ ಬರುತ್ತದೆ, ತಪ್ಪೇನಿಲ್ಲ; ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಕೆಲಸ ನಿಲ್ಲಿಸಿ ಎಂದು ಗುತ್ತಿಗೆದಾರರಿಗೆ ಹೇಳುವ ಧೈರ್ಯ ಮಾತ್ರ ಯಾರಿಗೂ ಇದ್ದಂತಿಲ್ಲ.

ಸಿಡಿಲಿನ ವಿಷಯ ಇನ್ನೂ ಗಂಭೀರ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ 2,887 ಮಂದಿ ಸಿಡಿಲಿಗೆ ಬಲಿಯಾಗಿದ್ದಾರೆ. ಪ್ರಕೃತಿ ವಿಕೋಪದ ಸಾವುಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚಿನ ಪಾಲು ಇದು. ನಮ್ಮಲ್ಲಿ ಕಡಲಿನ ತೇವ ತುಂಬಿದ ಗಾಳಿ ಘಟ್ಟದ ಬದಿಗೆ ತಾಗಿ ಮೇಲೇರುವುದರಿಂದ ಬೆಳ್ತಂಗಡಿ, ಸುಳ್ಯ, ಪುತ್ತೂರು, ಕಾರ್ಕಳ ಕಡೆಯಲ್ಲಿ ಏಪ್ರಿಲ್ ಮತ್ತು ಮೇ ತಿಂಗಳ ಮಧ್ಯಾಹ್ನದ ನಂತರ ಮೋಡ ಕಟ್ಟುವುದು ಮಾಮೂಲು. ಅದೇ ಹೊತ್ತಿಗೆ ಅಂಗಳದ ತುಂಬ ಅರೆ ಒಣಗಿದ ಅಡಿಕೆ ಹರಡಿರುತ್ತದೆ. ಒದ್ದೆಯಾದರೆ ಬೂಷ್ಟು ಹಿಡಿದು ದರ ಬಿದ್ದುಹೋಗುತ್ತದೆ. ಆದ್ದರಿಂದ ಮೊದಲ ಗುಡುಗು ಕೇಳಿದ ಕೂಡಲೇ ಮನೆಯೊಳಗೆ ಹೋಗಬೇಕಾದವರೆಲ್ಲ ಬುಟ್ಟಿ, ಗೋಣಿ, ಟಾರ್ಪಾಲು ಹಿಡಿದು ಅಂಗಳಕ್ಕೇ ಓಡುತ್ತಾರೆ. ಅಮ್ಮ ಒಂದು ತುದಿಯಿಂದ ರಾಶಿ ಮಾಡುತ್ತಾ ಬಂದರೆ ಮಕ್ಕಳು ಇನ್ನೊಂದು ತುದಿಯಿಂದ, ಸುತ್ತ ಎತ್ತರದ ತೆಂಗು, ಮೇಲೆ ಮಿಂಚು. ಮಳೆ ಇನ್ನೂ ಬಂದಿಲ್ಲವಲ್ಲ ಎಂಬುದು ಅವರ ಧೈರ್ಯ. ಆದರೆ ಮಳೆ ಬೀಳುವ ಜಾಗದಿಂದ ಹತ್ತಾರು ಕಿಲೋಮೀಟರ್ ಆಚೆಗೂ ಸಿಡಿಲು ಬಡಿಯಬಲ್ಲದು, ಗುಡುಗು ಕಿವಿಗೆ ಬಿತ್ತೆಂದರೆ ನಾವು ಅದರ ವ್ಯಾಪ್ತಿಯಲ್ಲೇ ಇದ್ದೇವೆ ಎಂದರ್ಥ. ಇಂಥ ಮನೆಗೆ 'ಹೊರಗೆ ಹೋಗಬೇಡಿ' ಎಂಬ ಉಪದೇಶದಿಂದ ಪ್ರಯೋಜನವಿಲ್ಲ. ಸೋಲಾರ್ ಡ್ರೈಯರಿಗೋ ಅಂಗಳದ ಮೇಲೆ ಪಾರದರ್ಶಕ ಶೀಟಿನ ಮಾಡಿಗೋ ಸಹಾಯಧನ ಕೊಡುವುದೇ ಇಲ್ಲಿ ನಿಜವಾದ ವಿಪತ್ತು ನಿರ್ವಹಣೆಯೆಂದು ನಾನು ತಿಳಿದಿದ್ದೇನೆ.

ಇದೇ ತಿಂಗಳುಗಳು ಬ್ರಹ್ಮಕಲಶ, ನೇಮ, ಮದುವೆ, ಯಕ್ಷಗಾನಗಳ ಕಾಲವೂ ಹೌದು. ಕಬ್ಬಿಣದ ಕಂಬಗಳ ಪೆಂಡಾಲಿನಡಿ ನೂರಾರು ಜನ ಕುಳಿತಿರುತ್ತಾರೆ. ಧ್ವನಿವರ್ಧಕಕ್ಕೆ ಅನುಮತಿ ಇದೆಯೇ ಎಂದು ಕೇಳುವ ಆಡಳಿತ, ಗಾಳಿ ಮಳೆ ಬಂದರೆ ಜನರನ್ನು ಎಲ್ಲಿಗೆ ಕಳಿಸುತ್ತೀರಿ ಎಂದು ಸಂಘಟಕರನ್ನು ಕೇಳಿದ್ದನ್ನು ನಾನಂತೂ ಕಂಡಿಲ್ಲ.

ಮುನ್ನೆಚ್ಚರಿಕೆ ಇಲ್ಲವೆಂದಲ್ಲ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ದಾಮಿನಿ ಆ್ಯಪ್ 20 ಮತ್ತು 40 ಕಿಲೋಮೀಟರ್ ವ್ಯಾಪ್ತಿಯ ಸಿಡಿಲನ್ನು ತೋರಿಸುತ್ತದೆ, ಹವಾಮಾನ ಇಲಾಖೆ ಮೂರು ಗಂಟೆಗಳ ಅವಧಿಯ ಮುನ್ಸೂಚನೆ ಕೊಡುತ್ತದೆ. ಆದರೆ ಘಟ್ಟದ ಬುಡದಲ್ಲಿ ಗುಡುಗು ಶುರುವಾದರೆ ಕರೆಂಟು ಹೋಗುತ್ತದೆ, ಅದರ ಹಿಂದೆಯೇ ನೆಟ್‌ವರ್ಕೂ ಹೋಗುತ್ತದೆ. ಹಾಗಾಗಿ ಸೂಚನೆ ಮಧ್ಯಾಹ್ನ ಎರಡು ಗಂಟೆಗೇ ಗ್ರಾಮ ಪಂಚಾಯತಿಗೆ ತಲುಪಿ, ಹಾಲಿನ ಸೊಸೈಟಿಯ ಮೂಲಕ, ಕಸದ ಗಾಡಿಯ ಮೈಕಿನ ಮೂಲಕ, 'ಇಂದು ಅಡಿಕೆಯನ್ನು ಬೇಗ ಒಳಗೆ ಹಾಕಿ' ಎಂಬ ಸರಳ ಮಾತಾಗಿ ಮನೆ ಮುಟ್ಟಬೇಕು. ಜಿಲ್ಲೆಗೆ ಹಳದಿ ಬಣ್ಣ ಬಳಿದರೆ ಕಡಲ ದಡದ ಉಳ್ಳಾಲದವರಿಗೂ ಘಟ್ಟದ ಬುಡದ ಸುಬ್ರಹ್ಮಣ್ಯದವರಿಗೂ ಒಂದೇ ಸುದ್ದಿ ಸಿಗುತ್ತದೆ, ಆದರೆ ಇಬ್ಬರ ಆಕಾಶವೂ ಒಂದೇ ಅಲ್ಲ.

ಇನ್ನೊಂದು ವಿಷಯವನ್ನು ಹೇಳಲೇಬೇಕು. ಸಿಡಿಲು ಬಡಿದವರನ್ನು ಮುಟ್ಟಿದರೆ ಶಾಕ್ ಹೊಡೆಯುತ್ತದೆ ಎಂಬ ಹೆದರಿಕೆ ಈಗಲೂ ಇದೆ. ಅವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ. ಬಹಳಷ್ಟು ಮಂದಿ ಬದುಕಿ ಉಳಿಯುತ್ತಾರೆ. ಹೃದಯ ನಿಂತವರಿಗೂ ತಕ್ಷಣ ಎದೆಯೊತ್ತಿ ಸಿಪಿಆರ್ ಮಾಡಿದರೆ ಜೀವ ಮರಳುವ ಸಾಧ್ಯತೆಯಿದೆ. 112ಕ್ಕೆ ಕರೆ ಮಾಡಿದ ಮೇಲೆ ಆಂಬುಲೆನ್ಸ್ ಘಟ್ಟದ ಬುಡದ ಮನೆ ತಲುಪಲು ಹಿಡಿಯುವ ಸಮಯದಲ್ಲಿ ಏನು ಮಾಡಬೇಕೆಂಬುದನ್ನು ಆಶಾ ಕಾರ್ಯಕರ್ತೆಯರು, ಸ್ವಸಹಾಯ ಸಂಘದ ಮಹಿಳೆಯರು, ಯುವಕ ಮಂಡಲದ ಹುಡುಗರು ಅರ್ಧ ದಿನದ ತರಬೇತಿಯಲ್ಲಿ ಕಲಿಯಬಹುದು. ಆ ತರಬೇತಿ ಜೂನ್‌ನಲ್ಲಲ್ಲ, ಫೆಬ್ರವರಿಯಲ್ಲಿ ನಡೆಯಬೇಕು.