ನೂರು ತುಂಬುವವರೆಗೆ ಬಾಯಿ ಬಿಡದ ಸೈನಿಕ

ಮೊದಲ ಮಹಾಯುದ್ಧದಲ್ಲಿ ಹೋರಾಡಿದ ಬ್ರಿಟಿಷ್ ಸೈನಿಕ ಹ್ಯಾರಿ ಪ್ಯಾಚ್ ‘ಜೀವನವಿಡೀ ಯುದ್ಧದ ಕಥೆ ಹೇಳುತ್ತಾ ಬಂದರು’ ಎಂದು ಬರೆದವರಿದ್ದಾರೆ. ಇದು ತಪ್ಪು. 1917ರ ಸೆಪ್ಟೆಂಬರ್ 22ರಂದು ಒಂದೇ ಶೆಲ್‌ಗೆ ಅವರ ಮೂವರು ಗೆಳೆಯರು ಸತ್ತರು, ಇವರು ಗಾಯಗೊಂಡು ಉಳಿದರು. ಆಮೇಲೆ 1998ರಲ್ಲಿ ನೂರು ತುಂಬುವವರೆಗೆ ಹೆಂಡತಿ ಹತ್ತಿರವೂ ಆ ವಿಷಯ ಎತ್ತಲಿಲ್ಲ. ವೃದ್ಧಾಶ್ರಮದಲ್ಲಿ ಎದುರಿನ ಬಟ್ಟೆ ಕಪಾಟಿನ ದೀಪ ಪಕ್ಕನೆ ಹತ್ತಿದರೂ ಅವರಿಗೆ ನಿದ್ದೆಗಣ್ಣಲ್ಲಿ ಬಾಂಬ್ ಸಿಡಿದಂತೆ ಆಗುತ್ತಿತ್ತಂತೆ. ಅಂಥವರು ಸುಮ್ನೆ ಕಥೆ ಹೇಳ್ತಾರಾ?

ಇನ್ನೊಂದು ಮಾತು. ಅವರು ಹುಟ್ಟಿದ, ಇಂಗ್ಲೆಂಡಿನ ಬಾತ್ ನಗರದ ಬಳಿಯ ಕೂಂಬ್ ಡೌನ್‌ನಂಥ ಊರಿನ ಪರಂಪರೆ ಸಂಘದವರು ಅವರನ್ನು ನೆನೆಯುವಾಗ ಬರೀ ಪದಕ ಜೋಡಿಸಿಟ್ಟರೆ ಸಾಲದು. ಅವರು ಪ್ಲಂಬರ್. ಯುದ್ಧಭೂಮಿಯಲ್ಲಿದ್ದದ್ದು ಕೆಲವೇ ತಿಂಗಳು, ಪೈಪು ಹಿಡಿದದ್ದು ದಶಕಗಟ್ಟಲೆ. ಎರಡನೇ ಮಹಾಯುದ್ಧದಲ್ಲಿ ಬಾತ್ ನಗರದ ಮೇಲೆ ಬಾಂಬ್ ಬಿದ್ದಾಗ ಬೆಂಕಿ ಆರಿಸಲೂ ಹೋಗಿದ್ದರು. ಅದನ್ನು ಯಾರೂ ಜಾಸ್ತಿ ಹೇಳಲ್ಲ. 2009ರಲ್ಲಿ 111ನೇ ವಯಸ್ಸಿಗೆ ಹೋದರು.

ನಮ್ಮ ಅಜ್ಜನೂ ಬರ್ಮಾ ಯುದ್ಧಕ್ಕೆ ಹೋಗಿ ಬಂದವರು. ದೀಪಾವಳಿ ರಾತ್ರಿ ಮಾತ್ರ ಹಿತ್ತಲ ಬಾಗಿಲು ಹಾಕಿಕೊಂಡು, ರೇಡಿಯೊ ಜೋರು ಮಾಡಿ ಕೂರುತ್ತಿದ್ದರು. ನಾವು ಮಕ್ಕಳು ನಗುತ್ತಿದ್ದೆವು.