ಸತ್ಯಾಂಶ: ಡಿಟರ್ಮಿನೆಂಟ್ ಸಮವೋ ಬೆಸವೋ? ಅರ್ಧಕ್ಕರ್ಧ ಅಲ್ಲ

ಮೈಸೂರು, ಮಂಡ್ಯದ ಬಿಎಸ್ಸಿ ಹುಡುಗರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿರುವ ಮಾತು: 'ಮ್ಯಾಟ್ರಿಕ್ಸ್‌ಗೆ ಯಾವ ಪೂರ್ಣಾಂಕ ಬೇಕಾದರೂ ತುಂಬಿ, ಡಿಟರ್ಮಿನೆಂಟ್ ಬೆಸ ಬರುವ ಸಾಧ್ಯತೆ 50%.' (ಮ್ಯಾಟ್ರಿಕ್ಸ್ ಅಂದರೆ ಇಲ್ಲಿ ಚೌಕಾಕಾರದಲ್ಲಿ ಸಾಲು-ಕಂಬವಾಗಿ ಜೋಡಿಸಿದ ಸಂಖ್ಯೆಗಳು, ಡಿಟರ್ಮಿನೆಂಟ್ ಅಂದರೆ ಅವುಗಳಿಂದ ಲೆಕ್ಕ ಹಾಕುವ ಒಂದು ಸಂಖ್ಯೆ.) ಇದು ತಪ್ಪು.

2×2ರಲ್ಲಿ ಡಿಟರ್ಮಿನೆಂಟ್ ಅಂದರೆ ಎರಡು ಕರ್ಣಗಳ ಗುಣಲಬ್ಧಗಳ ವ್ಯತ್ಯಾಸ. ಅದು ಬೆಸ ಆಗಲು ಒಂದು ಗುಣಲಬ್ಧ ಬೆಸ, ಇನ್ನೊಂದು ಸಮ ಇರಬೇಕು. ಸಮ-ಬೆಸದ 16 ಜೋಡಣೆಗಳಲ್ಲಿ ಹಾಗಾಗುವುದು 6ರಲ್ಲಿ ಮಾತ್ರ, ಅಂದರೆ 37.5%. 3×3ಕ್ಕೆ 512ರಲ್ಲಿ 168. ಗಾತ್ರ ಬೆಳೆದಂತೆ ಸುಮಾರು 28.9%ಕ್ಕೆ ಬಂದು ನಿಲ್ಲುತ್ತದೆ.

ಸ್ವಾರಸ್ಯ ಇರುವುದು ಇಲ್ಲಿ. ಮೇಲಿನ ಲೆಕ್ಕದಲ್ಲಿ ಪ್ರತಿ ನಮೂದು (ಮ್ಯಾಟ್ರಿಕ್ಸ್‌ನೊಳಗಿನ ಸಂಖ್ಯೆ) ಬೆಸ ಆಗುವ ಸಾಧ್ಯತೆ 50%; ಅದನ್ನು 30%ಕ್ಕೆ ಇಳಿಸಿದರೆ 2×2ರಲ್ಲಿ ಉತ್ತರ 16.4%ಕ್ಕೆ ಕುಸಿಯುತ್ತದೆ, ದೊಡ್ಡ ಮ್ಯಾಟ್ರಿಕ್ಸ್‌ನಲ್ಲಿ ಮಾತ್ರ ಮತ್ತೆ ಅದೇ 28.9%! ಇದನ್ನೇ ಸಾರ್ವತ್ರಿಕತೆ ಎನ್ನುವುದು. 1980ರ ದಶಕದಲ್ಲಿ ಗಣಿತಜ್ಞರಾದ ಕೋಹೆನ್ ಮತ್ತು ಲೆನ್‌ಸ್ಟ್ರಾ ಸಂಖ್ಯಾ ಸಿದ್ಧಾಂತದ (ನಂಬರ್ ಥಿಯರಿ) ಕ್ಲಾಸ್ ಗ್ರೂಪ್ ಎಂಬ ರಚನೆಗಳ ಬಗ್ಗೆ ಊಹಿಸಿದ ಹಂಚಿಕೆಯಲ್ಲೂ ಇದೇ ಬಗೆಯ ಸಂಖ್ಯೆಗಳು ಬರುತ್ತವೆ. ಆದರೆ ನಮೂದುಗಳು ಪರಸ್ಪರ ಸ್ವತಂತ್ರವಾಗಿರಬೇಕು. ಮ್ಯಾಟ್ರಿಕ್ಸ್ ಸಿಮ್ಮೆಟ್ರಿಕ್ (ಮುಖ್ಯ ಕರ್ಣದ ಎರಡೂ ಬದಿ ಕನ್ನಡಿಯಂತೆ ಒಂದೇ) ಆದರೆ ಮಿತಿ 41.9%.

ಕಂಪ್ಯೂಟರ್‌ನಲ್ಲಿ ನೋಡುವುದಾದರೆ ಡಿಟರ್ಮಿನೆಂಟನ್ನು ದಶಮಾಂಶದಲ್ಲಿ ಲೆಕ್ಕ ಹಾಕಬೇಡಿ. 16 ಅಂಕೆ ದಾಟಿದರೆ ಕೊನೆಯ ಅಂಕೆಯೇ ಕಳೆದುಹೋಗುತ್ತದೆ, ಎಲ್ಲವೂ ಸಮ ಎಂದೇ ಕಾಣುತ್ತದೆ. ಮೊದಲು ಪ್ರತಿ ನಮೂದನ್ನು 2ರಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ, ಆಮೇಲೆ 0, 1ರಲ್ಲೇ ಸಾಲುಗಳನ್ನು ಕಳೆಯುತ್ತಾ ಹೋಗಿ. ಪೂರ್ತಿ ಸೊನ್ನೆಯ ಸಾಲು ಬಂದರೆ ಸಮ.