ಮಳೆ ಬರುತ್ತದೆ ಅನ್ನುವುದು ಸುಲಭ, ಹೊಳವು ಹೇಳಿ ನೋಡೋಣ

ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸುವವರಿಗೆ ಗೊತ್ತಾಗಬೇಕಾದ್ದು ಒಂದೇ. ನಾಳೆ ಹೊಳವಾಗುತ್ತದಾ, ಅಂದರೆ ಮಳೆ ಬಿಡುವು ಕೊಡುತ್ತದಾ, ಇಲ್ವಾ? ಮರ ಹತ್ತುವವರು ಸಿಗುವುದೇ ಕಷ್ಟ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಅಂತ ಕಲಸಿ ಹೊಡೆಸಿದ್ದು ಗೊನೆ ಮೇಲೆ ಒಣಗುವ ಮುಂಚೆಯೇ ಮಳೆ ಬಂದರೆ ಅಷ್ಟೂ ನೆಲಕ್ಕೆ. ಜೂನ್‌ನಲ್ಲಿ ನಮಗೆ ಹಾಗೇ ಆಯಿತು. ಮೊಬೈಲಿನ ಆ್ಯಪ್‌ನಲ್ಲಿ ಬಿಸಿಲಿನ ಚಿತ್ರ ಇತ್ತು.

ಅವತ್ತಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಆ್ಯಪ್ ಹೇಳಿದ್ದು, ಹವಾಮಾನ ಇಲಾಖೆ ಜಿಲ್ಲೆಗೆ ಹೇಳಿದ್ದು, ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ನಮ್ಮ ಹೋಬಳಿಗೆ ಹೇಳಿದ್ದು, ಮೂರನ್ನೂ ರಾತ್ರಿ ಬರೆಯುತ್ತೇನೆ. ಬೆಳಿಗ್ಗೆ 8.30ಕ್ಕೆ ಅಂಗಳದ ಮಳೆಮಾಪಕ ನೋಡುತ್ತೇನೆ. ಇಲಾಖೆಯ ಒಂದು ದಿನದ ಲೆಕ್ಕ ಮುಗಿಯುವುದೂ ಅದೇ ಹೊತ್ತಿಗೆ. ಹೊತ್ತು ಬೇರೆಯಾದರೆ ಹೋಲಿಕೆಗೆ ಅರ್ಥವೇ ಇಲ್ಲ.

ಮೊದಲು ಮೂವರೂ ಸರಿ ಹೇಳುತ್ತಿದ್ದಾರೆ ಅನ್ನಿಸಿತು. ಆಮೇಲೆ ಹೊಳೆಯಿತು. ಆರಿದ್ರಾ, ಪುನರ್ವಸು ಮಳೆಗಾಲದಲ್ಲಿ ಮಲೆನಾಡಿಗೆ ‘ನಾಳೆ ಮಳೆ’ ಅಂದರೆ ಯಾರು ತಾನೇ ತಪ್ಪುತ್ತಾರೆ? ಹಾಗಾಗಿ ಅಂಥ ದಿನಗಳನ್ನು ಬದಿಗಿಟ್ಟು, ನಡುವೆ ಸಿಕ್ಕ ಹೊಳವಿನ ದಿನಗಳನ್ನಷ್ಟೇ ನೋಡಿದೆ. ಆ್ಯಪ್ ಅಲ್ಲೇ ಸೋತಿತು. ಐದು ದಿನ ಮುಂದಿನದ್ದನ್ನಂತೂ ಅದರಲ್ಲಿ ನೋಡುವುದನ್ನೇ ಬಿಟ್ಟಿದ್ದೇನೆ. ಜಾಸ್ತಿ ಹತ್ತಿರ ಬಂದಿದ್ದು ಹೋಬಳಿ ಮುನ್ಸೂಚನೆ, ಅದೂ ಮರುದಿನದ ಮಟ್ಟಿಗೆ.

ಜಿಲ್ಲೆಯ ಮುನ್ಸೂಚನೆ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆದರೆ ಶಿವಮೊಗ್ಗ ಅಂದರೆ ಒಂದೇ ಊರಾ? ವರ್ಷಕ್ಕೆ 7,000 ಮಿಲಿಮೀಟರ್ ಸುರಿಯುವ ಆಗುಂಬೆಗೂ ಬಯಲಿನಂಥ ಶಿಕಾರಿಪುರಕ್ಕೂ ಒಂದೇ ಬಣ್ಣದ ಅಲರ್ಟ್ ಅಂದರೆ ನನ್ನ ತೋಟಕ್ಕೆ ಅದರಿಂದ ಏನು ತಿಳಿಯುತ್ತದೆ? 2025ರ ಮೇನಲ್ಲಿ ಬಂದ ಇಲಾಖೆಯ ಹೊಸ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಂ’ 12 ಕಿಲೋಮೀಟರ್ ಬದಲು 6 ಕಿಲೋಮೀಟರ್ ಚೌಕದಲ್ಲಿ ಲೆಕ್ಕ ಹಾಕುತ್ತದೆ. ಒಳ್ಳೆಯದೇ. ಆದರೂ ನಮ್ಮ ಕಡೆ ಆರು ಕಿಲೋಮೀಟರಿನೊಳಗೆ ಒಂದು ಗುಡ್ಡ, ಒಂದು ಕಣಿವೆ ಬಂದುಹೋಗುತ್ತವೆ.

ಇನ್ನೊಂದು ಮಾತು. 70% ಮಳೆ ಅಂದ ದಿನ ಮಳೆ ಬರಲಿಲ್ಲ ಅಂತ ಸುಮ್ನೆ ಬೈಯಬೇಡಿ. 70% ಅಂದ ದಿನಗಳನ್ನೆಲ್ಲ ಒಟ್ಟು ಮಾಡಿ, ಹತ್ತರಲ್ಲಿ ಏಳು ದಿನ ಬಂತಾ ನೋಡಿ. ಆಗ ಮಾತ್ರ ಸರಿ ತಪ್ಪು ತಿಳಿಯುತ್ತದೆ.

ಈ ಲೆಕ್ಕವನ್ನು ರೈತರೇ ಯಾಕೆ ಇಡಬೇಕು? ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಸರ್ಕಾರದ ಮಳೆಮಾಪಕಗಳಿವೆ. ನಿನ್ನೆ ಹೇಳಿದ್ದು ಏನು, ಬಿದ್ದಿದ್ದು ಎಷ್ಟು ಅಂತ ಪಕ್ಕಪಕ್ಕದಲ್ಲಿ ಹಾಕಲಿ. ತಪ್ಪಿದ್ದರೂ ಪರವಾಗಿಲ್ಲ, ಎಷ್ಟು ನಂಬಬೇಕು ಅಂತ ನಮಗೆ ತಿಳಿಯುತ್ತದೆ.

ಕೊಪ್ಪ, ಶೃಂಗೇರಿ ಕಡೆ ಯಾರಾದರೂ ಹೀಗೆ ಬರೆದಿಟ್ಟಿದ್ದರೆ ಹೋಬಳಿ ಹೆಸರಿನ ಜೊತೆ ಇಲ್ಲಿ ಹಾಕಿ. ನನ್ನ ಪುಟಗಳ ಫೋಟೋ ಕೆಳಗಿದೆ.